ಮಣ್ಣು ಒಪ್ಪದ ಮಗಳು

ಬಸಲಿಂಗಯ್ಯನ ಕೆಲಸ ಏನೆಂದು ಅವನ ತಾಯಿ ಶಿವಗಂಗವ್ವ ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ಮಗ ಮುಂಬಯಿಯಲ್ಲಿ ಔಷಧದ ಕಂಪನಿಯಲ್ಲಿದ್ದಾನೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಊರೂರು ತಿರುಗಿ ಮಣ್ಣು ಕೂಡಿಸುವುದಕ್ಕೇ ಅವನಿಗೆ ಸಂಬಳ ಕೊಡುತ್ತಾರೆಂಬುದು ಅವಳ ಬಾಯಿಗೆ ಬರುತ್ತಿರಲಿಲ್ಲ.

“ಜಂಗಮರ ಹುಡುಗ ಜೋಳಿಗಿ ಹಿಡಿದ್ರ ಮಂದಿ ಭಿಕ್ಷಾ ಹಾಕತಾರ. ನೀ ನೋಡಿದ್ರ ಜೋಳಿಗ್ಯಾಗ ಮಣ್ಣ ತುಂಬಕೊಂಡ ಬರ್ತಿ,” ಎಂದು ಅವನು ಮಳಗಿ ಊರಿನ ಮನೆಗೆ ಬಂದಾಗಲೆಲ್ಲ ಗೊಣಗುತ್ತಿದ್ದಳು.

ಆ ಕಾಲದಲ್ಲಿ ಔಷಧ ಹುಡುಕುವವರೆಲ್ಲ ಮಣ್ಣಿನ ಬೆನ್ನು ಹತ್ತಿದ್ದರು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವುಗಳಲ್ಲಿ ಕೆಲವು ನೆರೆಯ ಜೀವಿಗಳನ್ನು ಕೊಲ್ಲುವ ರಸ ಬಿಡುತ್ತವೆ. ಆ ರಸವನ್ನು ಸೋಸಿ ತೆಗೆದರೆ ಮನುಷ್ಯನ ರೋಗಾಣುಗಳೂ ಸಾಯುತ್ತವೆ. ಕ್ಷಯಕ್ಕೆ ಮದ್ದು ಸಿಕ್ಕಿದ್ದು ಹಾಗೆಯೇ. ಯಾವ ಊರಿನ, ಯಾವ ಮರದ ಬುಡದ ಮಣ್ಣಿನಲ್ಲಿ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ ಬಸಲಿಂಗಯ್ಯ, ತವರದ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ತನಗೆ ಪರಿಚಯವಿದ್ದ ಸೀಮೆಯನ್ನೆಲ್ಲ ಕೆರೆದು ತರುತ್ತಿದ್ದ. ಅತ್ತಿವೇರಿಯ ಕೆರೆಯಂಗಳದ ಮಣ್ಣು, ಹಳಿಯಾಳದ ಕಬ್ಬಿನ ಗದ್ದೆಯ ಮಣ್ಣು, ತನ್ನ ತಾಯಿಯ ಹಿತ್ತಲಿನ ಮಣ್ಣು. ಯಾವುದರಲ್ಲೂ ಹೊಸದೇನೂ ಸಿಕ್ಕಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ಮಾಘದಲ್ಲಿ ಅವನು ಅಳ್ನಾವರದಲ್ಲಿ ಗಾಡಿ ಬದಲಿಸಿ ದಾಂಡೇಲಿಗೆ ಇಳಿದ. ಕಾಗದದ ಕಾರ್ಖಾನೆಗೆ ಬಿದಿರು ತರುವ ಖಾಲಿ ಲಾರಿಯೊಂದು ಅವನನ್ನು ಜೋಯಿಡಾ ಕಡೆಯ ಕಾಡಿಗೆ ಮುಟ್ಟಿಸಿತು. ಅಲ್ಲಿ ಬಿದಿರು ಕಡಿಯುವವರ ಬಿಡಾರವಿತ್ತು. ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮ ಮಹಾಂತಪ್ಪ, ಹಳಿಯಾಳದ ಶಾಲೆಯಲ್ಲಿ ಬಸಲಿಂಗಯ್ಯನ ಜೊತೆ ಓದಿದವನು. ಅವನ ಅಕ್ಕ ಶಂಕ್ರೆವ್ವ ಬಿಡಾರದ ಖಾನಾವಳಿ ನಡೆಸುತ್ತಿದ್ದಳು. ವಿಧವೆ, ಮಾತು ಕಡಿಮೆ.

ಊಟಕ್ಕೆ ಕುಳಿತಾಗ ಬಸಲಿಂಗಯ್ಯನ ಕಣ್ಣು ಪಕ್ಕದಲ್ಲಿದ್ದ ಈಶಪ್ಪನೆಂಬ ಆಳಿನ ಮೊಳಕಾಲಿನ ಮೇಲೆ ಬಿತ್ತು. ಕೊಡಲಿ ಮೂಳೆಯವರೆಗೂ ಇಳಿದ ಗುರುತು. ಆದರೆ ಗಾಯ ಕೂಡಿದ ಜಾಗ ಹೊಲಿಗೆಯ ಗೆರೆಯಂತೆ ಸಣ್ಣಗೆ, ಸ್ವಚ್ಛವಾಗಿತ್ತು. ಬಿದಿರು ಕಾಡಿನಲ್ಲಿ ಗೀರು ಬಿದ್ದರೂ ಕೀವಾಗುತ್ತದೆ. ಬಸಲಿಂಗಯ್ಯನಿಗೆ ಅದು ಗೊತ್ತಿತ್ತು.

“ಯಾವ ದವಾಖಾನಿಗೆ ಹೋಗಿದ್ಯೋ ಈಶಪ್ಪ?”

“ಮಳಿಗಾಲದಾಗ ಎಲ್ಲೀ ದವಾಖಾನಿ ಬಿಡ್ರಿ. ಶಂಕ್ರೆವ್ವ ಮಣ್ಣ ಹಚ್ಚಿದ್ಲು. ಕೀಂವ ಆಗಲಿಲ್ಲ, ಬ್ಯಾನಿ ಆಗಲಿಲ್ಲ. ಇಲ್ಲಿ ಎಲ್ಲಾರಿಗೂ ಆಕಿ ಅದನ್ನ ಹಚ್ಚತಾಳ.”

“ಎಲ್ಲೀ ಮಣ್ಣು?”

“ಅದನ್ನ ಮಾತ್ರ ಹೇಳೂದಿಲ್ರಿ.”

ರೊಟ್ಟಿ ಬಡಿಸುತ್ತಿದ್ದ ಶಂಕ್ರೆವ್ವನ ಕೈ ಅರೆಗಳಿಗೆ ನಿಂತಿತು. ಮಹಾಂತಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ಬಸಲಿಂಗಯ್ಯ ಆ ಸಂಜೆ ಅವಳನ್ನು ಎರಡು ಸಲ ಕೇಳಿದ. ಎರಡು ಸಲವೂ ಅವಳು, “ಅಂಥಾದ್ದೇನಿಲ್ರಿ, ಒಲಿ ಬೂದಿ ಹಚ್ಚತೇನಿ,” ಎಂದಳು.

ಮರುದಿನ ಬೆಳಿಗ್ಗೆ ಅವಳೇ ಅವನಿದ್ದ ಗುಡಿಸಲಿನ ಮುಂದೆ ಬಂದು ನಿಂತಳು. ತಮ್ಮನ ಬಾಯಿಂದ ಇವನ ಪೂರ್ತಿ ಹೆಸರು ಕೇಳಿದ್ದಳೆಂದು ಕಾಣುತ್ತದೆ.

“ನೀವು ಅಯ್ಯನೋರೇನ್ರಿ?”

“ಹುಟ್ಟಿದ್ದು ಜಂಗಮರ ಮನ್ಯಾಗ. ದೀಕ್ಷಾನೂ ಆಗೇತಿ. ಆದ್ರ ಯವ್ವಾ, ನಾ ಪೂಜಿ ಪುನಸ್ಕಾರ ಮಾಡಾಂವಲ್ಲ. ಮರತು ಬಾಳ ದಿನಾ ಆತು.”

“ದೀಕ್ಷಾ ಆಗೇತಿಲ್ರೀ, ಸಾಕು. ನಿಮಗ ಮಣ್ಣ ತೋರಸ್ತೇನಿ. ನಂದೊಂದು ಕೆಲಸ ಐತಿ, ಅದನ್ನ ನೀವು ಮಾಡಿಕೊಡಬೇಕು.”

“ಏನ ಕೆಲಸ?”

“ಬರ್ರಿ, ಅಲ್ಲೇ ಹೇಳತೇನಿ.”

ಮಹಾಂತಪ್ಪ ಗುದ್ದಲಿ ಹೆಗಲಿಗೇರಿಸಿಕೊಂಡು ಹಿಂದೆ ಬಂದ. ಅವನ ಮುಖ ಜ್ವರ ಬಂದವನ ಮುಖದಂತಿತ್ತು. ಬಿದಿರು ಮೆಳೆಗಳನ್ನು ದಾಟಿ, ಒಣಗಿದ ಹಳ್ಳವೊಂದನ್ನು ಹತ್ತಿ, ಅವರು ಒಂದು ತಗ್ಗಿನ ಅಂಚಿಗೆ ಬಂದರು. ಬಸಲಿಂಗಯ್ಯನಿಗೆ ಮೊದಲು ತಟ್ಟಿದ್ದು ವಾಸನೆ. ಮಳೆ ಹೋಗಿ ನಾಲ್ಕು ತಿಂಗಳಾಗಿತ್ತು, ನೆಲ ಸುಣ್ಣದಂತೆ ಒಣಗಿತ್ತು. ಆದರೂ ಆ ತಗ್ಗಿನಿಂದ ಮೊದಲ ಮಳೆ ಬಿದ್ದ ಹೊತ್ತಿನ ಮಣ್ಣಿನ ವಾಸನೆ ಗಾಢವಾಗಿ ಏಳುತ್ತಿತ್ತು.

ಆಮೇಲೆ ಅಲ್ಲಿ ಸದ್ದೇ ಇಲ್ಲವೆಂಬುದು ಅರಿವಿಗೆ ಬಂತು. ಅಷ್ಟು ಹೊತ್ತು ಕಿವಿ ತುಂಬಿದ್ದ ಜೀರುಂಡೆಗಳ ಗದ್ದಲ ಅಂಚಿನಲ್ಲಿ ಕಡಿದುಹೋಗಿತ್ತು. ಒಳಗೆ ಹುತ್ತವಿರಲಿಲ್ಲ, ಇರುವೆಯ ಸಾಲಿರಲಿಲ್ಲ, ಬಿದ್ದ ಕೊರಡಿನ ಮೇಲೆ ಒಂದು ಅಣಬೆಯೂ ಇರಲಿಲ್ಲ. ನೆಲದ ಮೇಲೆ ಮೊಣಕಾಲುದ್ದ ತರಗೆಲೆ. ಬಸಲಿಂಗಯ್ಯ ಬಗ್ಗಿ ಕೈ ಹಾಕಿದ. ಮೇಲಿನ ಎಲೆಗೂ ತಳದ ಎಲೆಗೂ ವ್ಯತ್ಯಾಸವಿರಲಿಲ್ಲ. ಎಷ್ಟೋ ವರ್ಷಗಳ ಎಲೆಗಳು ಒಂದೂ ಕೊಳೆಯದೆ, ನಿನ್ನೆ ಉದುರಿದಂತೆ ಒಂದರ ಮೇಲೊಂದು ಕುಳಿತಿದ್ದವು. ಅವುಗಳ ನಡುವೆ ಒಂದು ಹಕ್ಕಿ ರೆಕ್ಕೆ ಮಡಿಚಿ ಮಲಗಿತ್ತು. ಎತ್ತಿ ನೋಡಿದ. ಹಗುರವಾಗಿತ್ತು, ಯಾವಾಗಲೋ ಸತ್ತದ್ದು. ಕಣ್ಣು ಇನ್ನೂ ಹೊಳೆಯುತ್ತಿತ್ತು.

ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಸಂತೋಷ. ಯಾವುದನ್ನು ಹುಡುಕಿಕೊಂಡು ಅವನು ಊರೂರು ಅಲೆದಿದ್ದನೋ ಅದು ಈ ತಗ್ಗಿನ ತುಂಬ ತುಂಬಿತ್ತು.

“ಇಲ್ಲಿ ನನ್ನ ಮಗಳ ಕುಂತಾಳ್ರಿ,” ಎಂದಳು ಶಂಕ್ರೆವ್ವ.

ಅವಳು ನಿಂತಲ್ಲೇ ನಿಂತು ಹೇಳಿದಳು. ಮಗಳ ಹೆಸರು ಕಾಶೆವ್ವ. ಮದುವೆಗೆ ಬಂದ ಹುಡುಗಿ. ಮೂರು ಮಳೆಗಾಲದ ಹಿಂದೆ ಜ್ವರ ಬಂತು. ಹಳ್ಳ ತುಂಬಿ ರಸ್ತೆ ಕಡಿದಿತ್ತು. ಲಾರಿ ಬರಲಿಲ್ಲ, ಮದ್ದು ಬರಲಿಲ್ಲ. ಸತ್ತ ಮೇಲೆ ಹೆಣವನ್ನು ಊರಿಗೆ ಒಯ್ಯುವುದೂ ಆಗಲಿಲ್ಲ. ನೀರು ನಿಲ್ಲದ ಜಾಗ ಇದೊಂದೇ ಎಂದು ಇಲ್ಲಿ ಗುಣಿ ತೋಡಿ, ತಮ್ಮ ಪದ್ಧತಿಯಂತೆ ಕುಳ್ಳಿರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಟ್ಟರು.

“ಆದ್ರ ತಲಿ ಮ್ಯಾಲ ಪಾದ ಇಡಾಕ ಒಬ್ಬ ಜಂಗಮ ಸಿಗಲಿಲ್ರಿ. ಪಾದ ಇಡಸದನ ಮಣ್ಣ ಕೊಟ್ವಿ. ಮರು ವರ್ಷ ದೀಪಾವಳಿ ಆದಮ್ಯಾಲ, ಎಲುವಾದ್ರೂ ಊರಿಗೆ ಒಯ್ಯೂಣು ಅಂತ ನಾನೂ ಇಂವಾನೂ ಬಂದು ಅಗದ್ವಿ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಎಲುವ ಇರಲಿಲ್ರಿ. ಮಗಳ ಇದ್ಲು. ಹೆಂಗ ಕುಂದರಿಸಿದ್ವಿ ಹಂಗ.”

ಮಹಾಂತಪ್ಪ ಗುದ್ದಲಿಯ ಮೇಲೆ ಭಾರ ಬಿಟ್ಟು ನೆಲ ನೋಡುತ್ತಿದ್ದ.

“ಗುಣಿಯೊಳಗ ಉಪ್ಪ ಹಾಕಿದ್ದಿರೇನು?” ಬಸಲಿಂಗಯ್ಯ ಕೇಳಿದ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

“ಆವಾಗ ಸಾರಿಗೆ ಹಾಕಾಕ ಉಪ್ಪ ಇರಲಿಲ್ರಿ ಬಿಡಾರದಾಗ,” ಎಂದ ಮಹಾಂತಪ್ಪ. “ಬಸ್ಯಾ, ನಾ ಆಕೀನ್ನ ನೋಡಿ ಓಡಿಹೋದೆ. ಅಕ್ಕನ ಒಬ್ಬಾಕೀನ ಮತ್ತ ಮಣ್ಣ ಎಳದ್ಲು. ಅಕ್ಕನ ಕೈ ಗುಳ್ಳಿ ಎದ್ದು ಒಡದಿದ್ವು, ಬೆಳಗಾಗೂದರಾಗ ಎಲ್ಲಾ ಒಣಗಿಬಿಟ್ಟಿದ್ವು. ಮಣ್ಣಿನ ಗುಣಾ ಹಂಗ ತಿಳೀತು ನಮಗ.”

“ಗಾಯಕ್ಕ ಹಚ್ಚೂದು ಅಂಚಿನ ಮಣ್ಣ್ರಿ, ಆಕಿ ಮ್ಯಾಲಿಂದಲ್ಲ,” ಶಂಕ್ರೆವ್ವ ಅವಸರದಿಂದ ಹೇಳಿದಳು. ಆಮೇಲೆ ಕೈ ಮುಗಿದಳು. “ಆಕೀನ್ನ ಮಣ್ಣ ಒಪ್ಪವಲ್ದು ಅಯ್ಯನೋರ. ನಾ ಉಂಡ್ರ ಆಕಿ ಅಲ್ಲಿ ಕುಂತಾಳ ಅನಸ್ತೈತಿ. ಮಕ್ಕೊಂಡ್ರ, ಆಕಿ ಕುಂತ ಇದ್ದಾಳಲ್ಲಾ ಅನಸ್ತೈತಿ. ನೀವು ಒಮ್ಮಿ ಪಾದ ಇಡ್ರಿ. ಆಮ್ಯಾಲ ಎಷ್ಟ ಬೇಕಾರ ಮಣ್ಣ ಒಯ್ರಿ.”

ಬಸಲಿಂಗಯ್ಯ ಒಪ್ಪಿದ. ಮಣ್ಣಿನ ಆಸೆಯಿಂದಲೇ ಒಪ್ಪಿದ. ಆದರೆ ಮಹಾಂತಪ್ಪ ಅಗೆಯತೊಡಗಿದ ಮೇಲೆ, ಒಪ್ಪಬಾರದಿತ್ತು ಎನಿಸಿತು.

ಗುಣಿ ಆಳವಿರಲಿಲ್ಲ. ಸ್ವಲ್ಪ ಹೊತ್ತಿಗೆ ಶಂಕ್ರೆವ್ವ ತಮ್ಮನ ಕೈ ಹಿಡಿದು ನಿಲ್ಲಿಸಿ, ತಾನೇ ಇಳಿದು ಕೈಯಿಂದ ಮಣ್ಣು ಸರಿಸಿದಳು. ಮೊದಲು ಕೂದಲು ಕಂಡಿತು. ಎಣ್ಣೆ ಹಚ್ಚಿ ಬಾಚಿದ ಕೂದಲು, ಅದರಲ್ಲಿ ಅಬ್ಬಲಿಗೆ ಹೂವಿನ ದಂಡೆ. ಹೂವಿನ ಕೇಸರಿ ಬಣ್ಣ ಮಾಸಿರಲಿಲ್ಲ. ಆಮೇಲೆ ಹಣೆ, ಮುಚ್ಚಿದ ಕಣ್ಣು, ರೆಪ್ಪೆಗಳ ಮೇಲೆ ಸಣ್ಣ ಮಣ್ಣಿನ ಕಾಳು. ಮಧ್ಯಾಹ್ನದ ಬಿಸಿಲು ಮರಗಳ ಸಂದಿಯಿಂದ ನೇರವಾಗಿ ಆ ಮುಖದ ಮೇಲೆ ಬಿದ್ದಿತ್ತು. ಕೆನ್ನೆ ಸ್ವಲ್ಪ ಒಳಗೆ ಹೋಗಿದ್ದು ಬಿಟ್ಟರೆ, ಯಾರೋ ಕರೆದಾರೆಂದು ಕಾದು ಕುಳಿತ ಹುಡುಗಿಯಂತಿದ್ದಳು. ವಾಸನೆ ಇತ್ತು, ಅದು ಮೊದಲ ಮಳೆಯ ವಾಸನೆ.

ಶಂಕ್ರೆವ್ವ ಮಗಳ ಹಣೆಗೆ ವಿಭೂತಿ ಹಚ್ಚಿದಳು. ಬಸಲಿಂಗಯ್ಯ ಚಪ್ಪಲಿ ಬಿಟ್ಟು ಬಲಗಾಲನ್ನು ಆ ತಲೆಯ ಮೇಲೆ ಇಟ್ಟ. ತಂದೆ ಮಾಡುವುದನ್ನು ಸಣ್ಣವನಿದ್ದಾಗ ನೋಡಿದ್ದ. ಮಂತ್ರ ಅರ್ಧಕ್ಕೆ ಮರೆತುಹೋಯಿತು. ಉಳಿದದ್ದಕ್ಕೆ ಪಂಚಾಕ್ಷರಿಯನ್ನೇ ಹೇಳುತ್ತ ಹೋದ. ಅಂಗಾಲಿಗೆ ತಣ್ಣಗಾಗುತ್ತದೆ ಎಂದುಕೊಂಡಿದ್ದ. ತಣ್ಣಗಿರಲಿಲ್ಲ. ಬಿಸಿಲು ಬಿದ್ದದ್ದಕ್ಕಿರಬಹುದು.

ಕಾಲು ತೆಗೆದಾಗ ಮುಚ್ಚಿದ್ದ ಬಾಯಿ ತುಸು ತೆರೆದಿತ್ತು.

“ಉಸರ ಬಿಟ್ಲು,” ಎಂದಳು ಶಂಕ್ರೆವ್ವ. ಅವಳ ಧ್ವನಿಯಲ್ಲಿ ಹೆದರಿಕೆಯೇ ಇರಲಿಲ್ಲ.

ಕಾಲಿನ ಭಾರಕ್ಕೆ ದವಡೆ ಸಡಿಲಾಗಿದೆ, ಅಷ್ಟೇ ಎಂದು ಬಸಲಿಂಗಯ್ಯ ತನಗೆ ತಾನೇ ಹೇಳಿಕೊಂಡ. ಚಪ್ಪಲಿ ಮೆಟ್ಟಿ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ಬಂದ ಕೆಲಸ ಬಿಟ್ಟು ಹೋಗುವ ಹಾಗಿರಲಿಲ್ಲ.

“ಯವ್ವಾ, ಆಕಿ ಕೈ ಮಗ್ಗಲಿನ ಮಣ್ಣ ಒಂದ ಚಮಚ ತಗೋಲೇನು?”

ಶಂಕ್ರೆವ್ವ ಮಗಳ ರೆಪ್ಪೆಯ ಮೇಲಿನ ಮಣ್ಣಿನ ಕಾಳು ಒರೆಸಿದಳು. “ತಗೋರಿ,” ಎಂದಳು ಕೊನೆಗೆ. “ಯಾರದರ ಮಕ್ಕಳ ಜೀವಾ ಉಳದ್ರ ಉಳೀಲಿ. ಆಕಿಗಂತೂ ಯಾವ ಔಷಧಾನೂ ಬಂದ ಮುಟ್ಟಲಿಲ್ಲ.”

ವಾಪಸು ಹೋಗುವಾಗ ರಸ್ತೆಯ ತಪಾಸಣೆ ನಾಕಾದ ಪೊಲೀಸರು ಅವನ ಡಬ್ಬಿಗಳನ್ನೆಲ್ಲ ಬಿಚ್ಚಿಸಿದರು. ಗೋವಾ ಗಡಿಯಿಂದ ಚಿನ್ನ ತರುತ್ತಿದ್ದಾನೆಂದು ಅವರ ಗುಮಾನಿ. ಒಬ್ಬ ಪೇದೆ ಒಂದು ಡಬ್ಬಿಗೆ ಮೂಗು ಹಚ್ಚಿ, ಆಕಾಶ ನೋಡಿದ. “ಮಳಿ ಬಂತೇನಲೇ?” ಎಂದು ಪಕ್ಕದವನನ್ನು ಕೇಳಿದ.

ಮುಂಬಯಿಯ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಗುಪ್ತೆ, ಯಾವುದಕ್ಕೂ ಸುಲಭವಾಗಿ ಸಂತೋಷಪಡದ ಹೆಂಗಸು. ರೋಗಾಣು ಬಿತ್ತಿದ ಗಾಜಿನ ತಟ್ಟೆಯಲ್ಲಿ ಈ ಮಣ್ಣಿನ ಕಣಗಳನ್ನು ಉದುರಿಸಿಟ್ಟು, ಎರಡು ದಿನ ಬಿಟ್ಟು ನೋಡಿದಾಗ ಅವಳೂ ಕುರ್ಚಿ ಎಳೆದುಕೊಂಡು ಕುಳಿತಳು. ಸಾಮಾನ್ಯವಾಗಿ ಕೊಲ್ಲುವ ಜೀವಿಯ ಸುತ್ತ ಉಗುರಿನಷ್ಟು ಅಗಲದ ಖಾಲಿ ವರ್ತುಲ ಕಾಣುತ್ತದೆ. ಇಲ್ಲಿ ತಟ್ಟೆಯೇ ಪೂರ್ತಿ ಖಾಲಿಯಾಗಿತ್ತು. ನಡುವೆ ವಿಭೂತಿ ಉದುರಿಸಿದಂಥ ಬಿಳಿಯ ಪುಡಿ ಪುಡಿ ಬೆಳೆ, ಉಳಿದೆಲ್ಲ ಸತ್ತಿತ್ತು. ಮುಚ್ಚಳ ತೆಗೆದರೆ ಕೋಣೆಯ ತುಂಬ ಮಳೆಯ ವಾಸನೆ.

ಆ ಬೆಳೆಯಿಂದ ರಸ ತೆಗೆದು, ರಕ್ತಕ್ಕೆ ನಂಜೇರಿದ ಇಲಿಗಳಿಗೆ ಕೊಟ್ಟರು. ಸಾಯಬೇಕಿದ್ದ ಇಲಿಗಳು ಮರುದಿನ ಕಾಳು ತಿಂದವು. ಪ್ರಯೋಗಾಲಯದಲ್ಲಿ ಪೇಢೆ ಹಂಚಿದರು. ಬಸಲಿಂಗಯ್ಯ ಆ ಮಣ್ಣು ಎಲ್ಲಿಯದೆಂದು ಜಾಗದ ಗುರುತು ಕೊಟ್ಟ. ಅಲ್ಲಿ ಯಾರು ಕುಳಿತಿದ್ದಾರೆಂದು ಹೇಳಲಿಲ್ಲ.

ಕೆಲವು ವಾರಗಳ ಮೇಲೆ ಇಲಿಗಳ ಪಂಜರ ತೊಳೆಯುವ ಆಳು ಬಂದು ಡಾಕ್ಟರ್ ಗುಪ್ತೆಯ ಮುಂದೆ ನಿಂತ. ವಯಸ್ಸಾಗಿ, ಕಚ್ಚಾಡಿ, ಬೇರೆ ಬೇರೆ ಕಾರಣಕ್ಕೆ ಸತ್ತ ಇಲಿಗಳನ್ನು ಅವನು ಹಿಂದಿನ ಡ್ರಮ್ಮಿಗೆ ಹಾಕುತ್ತಿದ್ದ. ಆ ಮದ್ದು ತಿಂದ ಇಲಿಗಳು ಮಾತ್ರ ಡ್ರಮ್ಮಿನಲ್ಲಿ ಕೊಳೆಯದೆ ಹಾಗೆಯೇ ಇವೆ, ನೊಣವೂ ಕೂರುತ್ತಿಲ್ಲ, ತನಗೆ ಅಲ್ಲಿ ಹೋಗಲು ಧೈರ್ಯವಿಲ್ಲ ಎಂದ. ಡಾಕ್ಟರ್ ಗುಪ್ತೆ ಹೋಗಿ ನೋಡಿ ಬಂದಳು.

ಮಳೆಗಾಲ ಶುರುವಾದ ಮೇಲೆ ಬೆಳೆಯ ಶಕ್ತಿ ಇಳಿಯತೊಡಗಿತು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸಿದಂತೆಲ್ಲ ವರ್ತುಲ ಕಿರಿದಾಗುತ್ತ ಬಂತು. ಶ್ರಾವಣದ ಹೊತ್ತಿಗೆ ಬಿಳಿ ಬೆಳೆ ಮಾತ್ರ ಉಳಿದಿತ್ತು. ಅದರ ಮೈಗೆ ಅಂಟಿಕೊಂಡೇ ರೋಗಾಣುಗಳು ಸುಖವಾಗಿ ಬೆಳೆದವು. ಮೊದಲೇ ಆ ಬೆಳೆಯನ್ನು ಒಣಗಿಸಿ ತಂಪಿನಲ್ಲಿ ಮುಚ್ಚಿಟ್ಟಿದ್ದ ಗಾಜಿನ ಕೊಳವೆಗಳನ್ನು ಒಡೆದು ನೋಡಿದರೆ ಅವೂ ಹಾಗೆಯೇ. ಇಂಥದ್ದು ಪ್ರಯೋಗಾಲಯಗಳಲ್ಲಿ ಆಗುವುದುಂಟು. ಆದರೆ ಎಲ್ಲ ಕೊಳವೆಗಳೂ ಒಂದೇ ತಿಂಗಳಲ್ಲಿ ಸತ್ವ ಕಳೆದುಕೊಂಡದ್ದನ್ನು ತಾನು ಕಂಡಿಲ್ಲ ಎಂದಳು ಡಾಕ್ಟರ್ ಗುಪ್ತೆ. “ಮತ್ತೆ ಹೋಗಿ ತಾಜಾ ಮಣ್ಣು ತನ್ನಿ,” ಎಂದು ಅವನನ್ನು ಕಳಿಸಿದಳು.

ಮಳೆ ನಿಂತು ರಸ್ತೆ ಒಣಗಿದ ಮೇಲೆ ಅವನು ದಾಂಡೇಲಿಗೆ ಬಂದ. ಬಿಡಾರ ಬೇರೆ ಕಾಡಿಗೆ ಹೋಗಿತ್ತು. ಶಂಕ್ರೆವ್ವ ಕಾರ್ಖಾನೆಯ ಕೆಲಸಗಾರರ ಚಾಳಿನ ಪಕ್ಕದಲ್ಲಿ ಖಾನಾವಳಿ ಹಾಕಿದ್ದಳು. ಅವಳನ್ನು ನೋಡಿ ಬಸಲಿಂಗಯ್ಯನಿಗೆ ಗುರುತು ಹತ್ತಲಿಲ್ಲ. ಮೈ ಕೈ ತುಂಬಿಕೊಂಡು, ಗಿರಾಕಿಗಳ ಜೊತೆ ನಗುತ್ತ ಮಾತಾಡುತ್ತಿದ್ದಳು. ಬಲಗೈಗೆ ಮಾತ್ರ ಹಳೆಯ ಬಟ್ಟೆ ಸುತ್ತಿತ್ತು.

“ಬರ್ರಿ ಅಯ್ಯನೋರ, ಬರ್ರಿ! ಈಗ ಕಣ್ಣತುಂಬ ನಿದ್ದಿ ಬರತೈತ್ರಿ ನನಗ.”

“ಕೈಗೇನಾತವ್ವಾ?”

“ಏನಿಲ್ಲ ಬಿಡ್ರಿ, ಹಳೇ ಗುಳ್ಳಿ. ಮತ್ತ ಒಡದಾವ.”

ಉಳಿದದ್ದನ್ನು, ಅಕ್ಕನನ್ನು ನೋಡಲು ಬಂದಿದ್ದ ಮಹಾಂತಪ್ಪ ಹೇಳಿದ. ಶ್ರಾವಣದಲ್ಲಿ ಬಿಡಾರದ ಹಳೆಯ ಗಾಯಗಳೆಲ್ಲ ಒಂದೊಂದಾಗಿ ಬಿರಿದವು. ಎರಡು ವರ್ಷದ ಹಿಂದೆ ಕೂಡಿದವು ಕೂಡ. ಈಶಪ್ಪನ ಮೊಳಕಾಲು ಕೊಡಲಿ ಬಿದ್ದ ದಿನದಂತೆಯೇ ತೆರೆದುಕೊಂಡು ಕೀವು ಕಟ್ಟಿತು. ದಾಂಡೇಲಿಗೆ ಹೊತ್ತು ತಂದು ಪೆನ್ಸಿಲಿನ್ ಚುಚ್ಚಿಸಿದ ಮೇಲೆ ಬದುಕಿದ. ಈಗ ಕುಂಟುತ್ತಾನೆ.

“ಯಾವ ತಿಂಗಳಂದಿ?” ಎಂದು ಬಸಲಿಂಗಯ್ಯ ಮತ್ತೆ ಕೇಳಿದ.

“ಶ್ರಾವಣ. ಯಾಕೋ?”

ಬಸಲಿಂಗಯ್ಯ ಡಬ್ಬಿಗಳ ಚೀಲ ಹೆಗಲಿಗೇರಿಸಿ ಎದ್ದ.

ಮೂವರೂ ಆ ತಗ್ಗಿಗೆ ಹೋದರು. ಅಂಚು ದಾಟಿದರೂ ಜೀರುಂಡೆಗಳು ಸುಮ್ಮನಾಗಲಿಲ್ಲ. ಮೊಣಕಾಲುದ್ದದ ತರಗೆಲೆ ಪಾದ ಮುಳುಗುವಷ್ಟು ಕಪ್ಪು ಗೊಬ್ಬರವಾಗಿತ್ತು. ಕೊರಡನ್ನು ಗೆದ್ದಲು ತಿಂದು ಮುಗಿಸಿದ್ದವು, ಎಲ್ಲೆಲ್ಲೂ ಅಣಬೆಗಳ ಕೊಡೆ. ಕಾಡಿನಲ್ಲಿ ಎಲ್ಲ ಕಡೆ ಬರುವ ಕೊಳೆತ ವಾಸನೆಯೇ ಇಲ್ಲೂ ಬಂತು. ಬಸಲಿಂಗಯ್ಯ ಹುಚ್ಚು ಹಿಡಿದವನಂತೆ ಅಲ್ಲಲ್ಲಿ ಮಣ್ಣು ಕೆರೆದು ಡಬ್ಬಿ ತುಂಬಿದ. ಮೂಸಿ ನೋಡಿದ, ಚೆಲ್ಲಿದ. ಕೊನೆಗೆ ಗುಣಿಯ ಮುಂದೆ ಬಂದು ನಿಂತ.

ಶಂಕ್ರೆವ್ವನೇ ಹೇಳಿದಳು. “ಅಗೀರಿ. ನನಗೂ ನೋಡೂದೈತಿ.”

ಒಳಗೆ ಮೂಳೆಗಳಿದ್ದವು. ಕಂದು ಬಣ್ಣಕ್ಕೆ ತಿರುಗಿ, ತೆಳ್ಳಗಾಗಿ, ಮುಟ್ಟಿದರೆ ಪುಡಿಯಾಗುವ ಮೂಳೆಗಳು. ಎದೆಗೂಡಿನ ನಡುವೆ ಹೆಬ್ಬೆರಳಿನಷ್ಟು ದಪ್ಪನೆಯ ಅತ್ತಿಯ ಬೇರು ಹಾದುಹೋಗಿತ್ತು. ಅಷ್ಟು ದಪ್ಪ ಬೇರಿಗೆ ಎಷ್ಟು ವರ್ಷ ಬೇಕು! ಇದೇ ಮಾಘದಲ್ಲಿ ಈ ತಲೆಯ ಮೇಲೆ ತಾನು ಕಾಲಿಟ್ಟಿದ್ದ. ತಡೆದು ನಿಲ್ಲಿಸಿದ್ದ ಕಾಲವೆಲ್ಲ ಒಂದೇ ಮಳೆಗಾಲದಲ್ಲಿ ಅವಳ ಮೇಲೆ ಹರಿದುಹೋದಂತಿತ್ತು.

ಶಂಕ್ರೆವ್ವ ಗುಣಿಯ ಅಂಚಿನಲ್ಲಿ ಕುಳಿತು ಜೋರಾಗಿ ಅತ್ತಳು. ಮಗಳು ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ ಎಂದು ಮಹಾಂತಪ್ಪ ಆಮೇಲೆ ಹೇಳಿದ. ಅತ್ತು ಮುಗಿಸಿ, “ಮಣ್ಣ ಒಪ್ಪಕೊಂತ್ರಿ,” ಎಂದಳು. “ನಿಮ್ಮ ಪಾದದಿಂದ ಆತು.”

ಬಸಲಿಂಗಯ್ಯನಿಗೂ ಕಣ್ಣು ತುಂಬಿತು. ಯಾರಿಗಾಗಿ ಎಂದು ಅವನಿಗೇ ಗೊತ್ತಾಗಲಿಲ್ಲ. ಅವನ ಬರಿಗಾಲಿಗೆ ಅಂಟಿದ ಹೊರಗಿನ ಬೂಷ್ಟೊಂದು ಅಂದು ಗುಣಿಗೆ ಇಳಿದಿರಬಹುದು, ಅದು ಆ ಬಿಳಿ ಜೀವಿಯನ್ನು ತಿಂದು ಹಾಕಿರಬಹುದು. ಹಾಗೆ ಬರೆದರೆ ಡಾಕ್ಟರ್ ಗುಪ್ತೆ ಒಪ್ಪಿಯಾಳು. ಆದರೆ ಮುಂಬಯಿಯಲ್ಲಿ ಮೊಹರು ಹಾಕಿಟ್ಟ ಕೊಳವೆಗಳಿಗೆ, ಈಶಪ್ಪನ ಕೂಡಿದ ಮೊಳಕಾಲಿಗೆ ಆ ಬೂಷ್ಟು ಹೇಗೆ ಮುಟ್ಟಿತು?

“ಯವ್ವಾ, ಔಷಧ ಹೋತು,” ಎಂದ. “ಬಾಳ ಮಂದಿ ಬದುಕತಿದ್ರು ಅದರಿಂದ.”

ಶಂಕ್ರೆವ್ವನ ಮುಖ ಬಾಡಿತು. “ನಾ ಕೇಳಬಾರದಿತ್ತೇನ್ರಿ ಹಂಗಾರ?”

ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕುಳಿತಿದ್ದ. ಇಲ್ಲ ಎನ್ನಲು ತಡವಾಯಿತು. “ನೀ ತಾಯಿ. ಕೇಳೂದನ್ನ ಕೇಳಿದಿ,” ಎಂದ.

ಸಂಜೆ ದಾಂಡೇಲಿಗೆ ಬಂದ ಮೇಲೆ ಅವಳ ಕೈಗೆ ಸುತ್ತಿದ್ದ ಬಟ್ಟೆಯನ್ನು ಅವನೇ ಬಿಚ್ಚಿದ. ಅಂಗೈ ತುಂಬ ಕೀವು, ಮುಂಗೈವರೆಗೂ ಕೆಂಪೇರಿತ್ತು. ಇಷ್ಟು ದಿನ ಈ ಕೈಯಲ್ಲೇ ರೊಟ್ಟಿ ಬಡಿದಿದ್ದಳು. ಬಿಸಿನೀರಿನಿಂದ ತೊಳೆದು, ಪೇಟೆಯ ಅಂಗಡಿಯಿಂದ ತಂದ ಗಾಯದ ಪುಡಿ ಉದುರಿಸಿ, ಬಿಳಿ ಪಟ್ಟಿ ಕಟ್ಟಿದ. ಮರುದಿನದಿಂದ ದವಾಖಾನೆಗೆ ಹೋಗಿ ಸೂಜಿ ಚುಚ್ಚಿಸಿಕೊಳ್ಳಬೇಕೆಂದು ಆಣೆ ಹಾಕಿಸಿಕೊಂಡ. ಅವಳು ಸೂಜಿಗೆ ಹೆದರಿ ಏನೇನೋ ನೆಪ ಹೇಳಿದಳು, ಕೊನೆಗೆ ಒಪ್ಪಿದಳು.

ಗಾಯ ಮಾಯಲು ಹೋಳಿ ಹುಣ್ಣಿಮೆಯವರೆಗೂ ಹಿಡಿಯಿತು. ಎರಡು ಬೆರಳು ಮಡಿಚಲು ಬರದಂತಾದವು. ಆಮೇಲೆ ಅವಳು ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತಳು.